ಪಾಲೊಮೊ ಒದ್ದ ಹಲ್ಲು

ಮೆಲಿತೋನನ ಬಾಯಲ್ಲಿ ಮೇಲಿನ ಸಾಲಿನ ಎರಡು ಮುಂಬಲ್ಲು ಇರಲಿಲ್ಲ.

ಬೇರೆ ಯಾರದಾದರೂ ಹಲ್ಲಾಗಿದ್ದರೆ ತೆಪೆಶಿಲೊದವರಿಗೆ ಅದರಿಂದ ನಾಲ್ಕು ದಿನದ ನಗು ಸಿಗುತ್ತಿತ್ತು, ಅಷ್ಟೇ. ಆದರೆ ಮೆಲಿತೋನ ಕುದುರೆಯೇರಿದ ಸಂತ ಸಾಂತಿಯಾಗೊನ ಕುಣಿತಕ್ಕೆ ಕೊಳಲು ನುಡಿಸುವವನು. ಎಡಗೈಯಲ್ಲಿ ಮೂರು ತೂತಿನ ಬೊಂಬಿನ ಕೊಳಲು, ಅದೇ ಕೈಯ ಕಿರುಬೆರಳಿಗೆ ನೇತುಬಿದ್ದ ಪುಟ್ಟ ಡೋಲು, ಬಲಗೈಯಲ್ಲಿ ಅದನ್ನು ಬಾರಿಸುವ ಕಡ್ಡಿ. ಬೆರಳುಗಳು ತೂತು ಮುಚ್ಚಿ ತೆರೆಯುವ ಕೆಲಸದಲ್ಲಿರುವಾಗ ಕೊಳಲನ್ನು ಹಿಡಿದಿಡುವುದು ಮುಂದಿನ ಹಲ್ಲು. ಅದಿಲ್ಲದಿದ್ದರೆ ಕೊಳಲು ಜಾರುತ್ತದೆ, ಉಸಿರು ಪಕ್ಕಕ್ಕೆ ಸೋರುತ್ತದೆ, ಮಟ್ಟಿನ ಬದಲು ಕುದಿಯುವ ನೀರಿನ ಸದ್ದು ಬರುತ್ತದೆ. ಕುಣಿತದ ಮೂವತ್ತೆರಡು ಮಟ್ಟುಗಳನ್ನು ಕ್ರಮ ತಪ್ಪದೆ ನುಡಿಸಬಲ್ಲವನು ಊರಲ್ಲಿ ಅವನೊಬ್ಬನೇ. ಸುತ್ತಲ ಮೂರು ಕಣಿವೆಗಳಲ್ಲೂ ಅವನೊಬ್ಬನೇ. ಜುಲೈ ಇಪ್ಪತ್ತೈದರ ಹಬ್ಬಕ್ಕೆ ಹದಿನೈದು ದಿನ ಉಳಿದಿತ್ತು.

ಹಲ್ಲು ಹೋದದ್ದು ಹಿಂದಿನ ದಿನ ಮುಸ್ಸಂಜೆ. ಪಕ್ಕದ ಹಳ್ಳಿಯಲ್ಲಿ ಸೋದರತ್ತೆಯ ಮೊಮ್ಮಗುವಿನ ಜ್ಞಾನಸ್ನಾನ. ಊಟಕ್ಕೆ ಕೂತವನ ಮುಂದೆ ಯಾರೋ ಗಿಡಮೂಲಿಕೆ ಹಾಕಿದ ಸಾರಾಯಿ ಇಟ್ಟರು. ಮೊದಲ ಲೋಟವನ್ನು ಬೇಡವೆಂದು ಪಕ್ಕಕ್ಕೆ ತಳ್ಳಿದ. ಎರಡನೆಯದನ್ನು ಮೂಸಿ ನೋಡಿದ. ಆಮೇಲೆ ನಾಲ್ಕು ಲೋಟ ಇಳಿಯಿತು. ಹಿಂದಿರುಗುವಾಗ ಮಳೆಗೆ ಪಾಚಿಗಟ್ಟಿದ ಕಲ್ಲು ಮೆಟ್ಟಿಲ ಮೇಲೆ ಕಾಲು ಜಾರಿತು, ಬಾಯಿ ಹೋಗಿ ಕಲ್ಲಿಗೆ ಬಡಿಯಿತು. ಎದ್ದು ಕೂತು ಉಗುಳಿದ. ಅಂಗೈಯಲ್ಲಿ ಎರಡು ಹಲ್ಲು.

ತೊಂದರೆ ಹಲ್ಲಿನದಲ್ಲ, ಸಾರಾಯಿಯದು. ಹಬ್ಬಕ್ಕೆ ನಲವತ್ತು ದಿನ ಮುಂಚೆ ಕುಣಿಯುವ ಹದಿಮೂರು ಜನ ಮತ್ತು ಕೊಳಲಿನವನು ಚರ್ಚಿನಲ್ಲಿ ಬತ್ತಿ ಹಚ್ಚಿ ವ್ರತ ಹಿಡಿಯುತ್ತಾರೆ. ಕುಡಿತವಿಲ್ಲ, ಹೆಂಡತಿಯ ಹಾಸಿಗೆಯಿಲ್ಲ, ಜಗಳವಿಲ್ಲ. ಒಬ್ಬ ಮುರಿದರೆ ಎಲ್ಲರದೂ ಮುರಿದ ಹಾಗೆ.

ಬೆಳಿಗ್ಗೆ ಹೆಂಡತಿ ಹಸಿಂತಾ ಉಪ್ಪುನೀರಿನ ಲೋಟ ತಂದು ಅವನ ಮುಂದೆ ಕುಕ್ಕಿದಳು.

"ಮುಕ್ಕಳಿಸು. ವಾಸನೆನಾದ್ರೂ ಹೋಗಲಿ. ಸಂತರು ಕುದುರೆ ಹತ್ತಿ ಬರೋ ಮುಂಚೆ ನೀನು ಮೆಟ್ಟಿಲು ಇಳಿದುಬಿಟ್ಟೆ, ಅದೂ ಬಾಯಿಂದ."

ಅವನು ಮುಕ್ಕಳಿಸುತ್ತಿರುವಾಗಲೇ ಅಂಗಳದಲ್ಲಿ ಕೆಮ್ಮು ಕೇಳಿತು. ಕುಣಿತದ ಯಜಮಾನ ಸೆವೆರೊ. ಅರವತ್ತರ ತೆಳ್ಳನೆಯ ಆಸಾಮಿ, ಪೇಟೆಬೀದಿಯಲ್ಲಿ ಹಗ್ಗ, ಮೊಳೆ, ಮಚ್ಚು ಮಾರುವ ಅಂಗಡಿಯವನು. ನಕ್ಕದ್ದನ್ನು ಕಂಡವರು ಕಡಿಮೆ.

"ಬಾಯಿಗೇನಾಯ್ತು ಮೇಷ್ಟ್ರೇ?" ಕೊಳಲಿನವನನ್ನು ಊರು ಕರೆಯುವುದೇ ಹಾಗೆ.

ಮೆಲಿತೋನ ಬಾಯಿಗೆ ಒತ್ತಿಕೊಂಡಿದ್ದ ಬಟ್ಟೆ ಸರಿಸಿ ತೋರಿಸಿದ. "ಪಾಲೊಮೊ ಒದ್ದುಬಿಡ್ತು," ಅಂದ.

ತಮಾಷೆಗೇ ಅಂದದ್ದು. ಪಾಲೊಮೊ ಎಂದರೆ ಕುಣಿತದ ಮರದ ಕುದುರೆ. ಸಂತನ ವೇಷದವನು ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು. ಮುಂದೆ ತಲೆ ಮತ್ತು ಎತ್ತಿದ ಎರಡು ಕಾಲು, ಹಿಂದೆ ನಿಜವಾದ ಕೂದಲಿನ ಬಾಲ, ಮೈತುಂಬ ಬಿಳಿ ಬಣ್ಣ. ಒಂದು ತೋಳಿನಷ್ಟು ಉದ್ದವೂ ಇಲ್ಲ. ವ್ರತದ ದಿನಗಳಲ್ಲಿ ಗುರುವಾರಕ್ಕೊಮ್ಮೆ ಅದರ ಮುಂದೆ ಕೊಳಲು ನುಡಿಸುವುದು ಪದ್ಧತಿ. ನಿನ್ನೆ ಮಧ್ಯಾಹ್ನ, ಕುದುರೆಯಿರುವ ಮನೆಯ ಕಾಸಿಲ್ದಾ ಪೇಟೆಗೆ ಹೋಗಿದ್ದಾಗ, ಮೆಲಿತೋನ ಆ ಕೆಲಸ ಮುಗಿಸಿಯೇ ಜ್ಞಾನಸ್ನಾನದ ಊಟಕ್ಕೆ ಹೋಗಿದ್ದ. ಅದಕ್ಕೇ ಇರಬೇಕು ಆ ಮಾತು ಬಾಯಿಗೆ ಬಂತು.

ಸೆವೆರೊ ನಗಲಿಲ್ಲ. ಹ್ಯಾಟು ತೆಗೆದು ಎದೆಗೆ ಹಿಡಿದುಕೊಂಡ.

"ಯಾವಾಗ?"

ಇಲ್ಲಿ ಮೆಲಿತೋನ ನಕ್ಕುಬಿಡಬಹುದಿತ್ತು. ಜಾರಿಬಿದ್ದೆ ಎನ್ನಬಹುದಿತ್ತು, ಮಳೆಗಾಲದಲ್ಲಿ ಯಾರು ಜಾರುವುದಿಲ್ಲ? ಆದರೆ ಎಲ್ಲಿ, ಯಾಕೆ, ಯಾರ ಮನೆಯಿಂದ ಬರುವಾಗ ಎಂಬ ಪ್ರಶ್ನೆಗಳು ಸಾಲಾಗಿ ಬಾಗಿಲಲ್ಲಿ ನಿಂತಿರುವುದು ಅವನಿಗೆ ಕಂಡಿತು.

"ನಿನ್ನೆ," ಅಂದ. "ನುಡಿಸಿ ಮುಗಿಸಿ ಬಗ್ಗಿದ್ದೆ."

"ಕುದುರೆಗೆ ಕಾಳು ಹಾಕಿದ ಮೇಲೋ, ಮುಂಚೆನೋ?"

"ನೋಡ್ಲಿಲ್ಲ."

ಸೆವೆರೊ ಹ್ಯಾಟು ಹಾಕಿಕೊಂಡು ಹೊರಟ. ಹಸಿಂತಾ ಒಲೆಯ ಮುಂದಿನಿಂದ ತಿರುಗಿಯೂ ನೋಡದೆ ಹೇಳಿದಳು: "ಕಾಸಿಲ್ದಕ್ಕನ ಮನೆಗೆ ಬೆಂಕಿ ಇಟ್ಟೆ ನೀನು."

*

ಕಾಸಿಲ್ದಾ ಮೇಣದ ಬತ್ತಿ ಮಾಡುವವಳು. ದಪ್ಪ ಮೈಯ, ಜೋರು ದನಿಯ ಹೆಂಗಸು. ಮದುವೆಗೆ, ಸಾವಿಗೆ, ಹಬ್ಬಕ್ಕೆ ಊರಿಗೆಲ್ಲ ಮೇಣದ ಹೂ ಕೂರಿಸಿದ ಬತ್ತಿಗಳು ಅವಳ ಕೈಯಿಂದಲೇ ಬರಬೇಕು. ಗಂಡ ಅಬುಂದಿಯೊ ಇಪ್ಪತ್ತೊಂದು ವರ್ಷ ಸಂತನ ವೇಷ ಕಟ್ಟಿದ್ದ. ಅವನು ಸತ್ತ ಮೇಲೆ ವೇಷ ಬೇರೆಯವರಿಗೆ ಹೋಯಿತು, ಕುದುರೆ ಮಾತ್ರ ಅವಳ ದೇವರ ಮೂಲೆಯಲ್ಲೇ ಉಳಿಯಿತು. ದಿನಾ ಬೆಳಿಗ್ಗೆ ಸೋರೆಬುರುಡೆಯಲ್ಲಿ ಜೋಳ, ಲೋಟದಲ್ಲಿ ನೀರು. ಸಂಜೆ ಆ ಜೋಳ ಕೋಳಿಗೆ. ಕುದುರೆ ತಿನ್ನುವುದು ಕಾಳಿನ ಒಳಗಿನದನ್ನು. ಮೇಲಿನದು ಕೋಳಿ ತಿಂದರೂ ನಡೆಯುತ್ತದೆ.

ತೆಪೆಶಿಲೊದಲ್ಲಿ ಇದನ್ನು ಯಾರೂ ನಂಬಿಕೆ ಎಂದು ಕರೆಯುವುದಿಲ್ಲ. ಹಿಂದೆ ಪಾಲೊಮೊವನ್ನು ಇಟ್ಟುಕೊಂಡಿದ್ದ ಒಂದು ಮನೆಯವರು ವಾರಗಟ್ಟಲೆ ಕಾಳಿಡದೆ ಇದ್ದಾಗ ಪಕ್ಕದ ಹೊಲದ ಎಳೆಜೋಳವನ್ನು ಯಾವುದೋ ಮೇಯ್ದು ಹೋಗಿತ್ತು. ಕುದುರೆಯ ಗೊರಸಿಗೆ ಕೆಸರು ಮೆತ್ತಿತ್ತು. ಕೆಸರು ನೋಡಿದವರು ಇನ್ನೂ ಬದುಕಿದ್ದಾರೆ. ಮೆಲಿತೋನನನ್ನು ಕೇಳಿದರೆ ಮರ ಮರವೇ ಅನ್ನುತ್ತಿದ್ದ. ಹಾಗಂತ ಅವನು ಪಾಲೊಮೊಗೆ ಬೆನ್ನು ಹಾಕಿ ಕೂತದ್ದನ್ನೂ ಯಾರೂ ಕಂಡಿಲ್ಲ.

ಕುದುರೆ ಇರುವ ಮನೆಯಿಂದಲೇ ಹಬ್ಬದ ಬೆಳಿಗ್ಗೆ ಮೆರವಣಿಗೆ ಹೊರಡುವುದು. ಸಿಡಿಮದ್ದಿನ ಮೊದಲ ಬಾಣ ಆ ಅಂಗಳದಿಂದಲೇ ಆಕಾಶಕ್ಕೆ ಹಾರಬೇಕು. ಗಂಡುಮಕ್ಕಳಿಲ್ಲದ, ಇದ್ದೊಬ್ಬ ಮಗಳನ್ನು ಪ್ವೆಬ್ಲಾ ನಗರಕ್ಕೆ ಕೊಟ್ಟ ವಿಧವೆಯ ಅಂಗಳಕ್ಕೆ ವರ್ಷದಲ್ಲಿ ಆ ಒಂದು ದಿನ ಊರೇ ಬರುತ್ತಿತ್ತು. ಅವಳು ಹದಿನೈದು ದಿನ ಮುಂಚಿನಿಂದ ಅಂಗಳ ಗುಡಿಸುತ್ತಿದ್ದಳು. ಸೆವೆರೊ ಇಬ್ಬರು ಹಿರಿಯರನ್ನೂ ಮೆಲಿತೋನನನ್ನೂ ಕರೆದುಕೊಂಡು ಒಳಬಂದಾಗಲೂ ಅವಳ ಕೈಯಲ್ಲಿ ಪೊರಕೆಯೇ ಇತ್ತು.

"ಏನು, ಎಲ್ಲಾ ಒಟ್ಟಿಗೆ! ಯಾರು ಸತ್ರು?" ಅಂದಳು. ಆಮೇಲೆ ಮೆಲಿತೋನನ ಮುಖ ನೋಡಿದಳು. "ಅಯ್ಯೋ ಮೇಷ್ಟ್ರೇ, ಇದ್ಯಾವ ಎಮ್ಮೆ ಮುತ್ತು ಕೊಡ್ತು ನಿಮಗೆ?"

"ಪಾಲೊಮೊ ಒದ್ದಿದೆ," ಅಂದ ಸೆವೆರೊ.

ಪೊರಕೆ ನಿಂತಿತು.

ಹಿರಿಯರು ದೇವರ ಮೂಲೆಗೆ ಹೋಗಿ ಸೋರೆಬುರುಡೆ ಎತ್ತಿ ನೋಡಿದರು. ಜೋಳ ಇತ್ತು. ಒಬ್ಬ ಕಾಳು ಬಾಯಿಗೆ ಹಾಕಿ ಕಡಿದು, "ಹಳೇದಲ್ಲ," ಅಂದ. ಇನ್ನೊಬ್ಬ ನೀರನ್ನು ಬೆಳಕಿಗೆ ಹಿಡಿದ. ಅದರಲ್ಲಿ ಒಂದು ಸೊಳ್ಳೆ ತೇಲುತ್ತಿತ್ತು. ಒಂದೇ ಒಂದು. ಆದರೂ ಅವನು ಲೋಟವನ್ನು ಎಲ್ಲರ ಮುಂದೂ ಹಿಡಿದು ತೋರಿಸಿದ.

"ದಿನಾ ಬದಲಾಯಿಸ್ತೀನಿ," ಅಂದಳು ಕಾಸಿಲ್ದಾ. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ಮೆಲಿತೋನ ಹಿಂದೆ ಕೇಳಿರಲಿಲ್ಲ. "ದಿನಾ ಇಡ್ತೀನಿ ಯಜಮಾನ್ರೇ."

"ಹೊಟ್ಟೆ ತುಂಬಿದ ಕುದುರೆ ಕೊಳಲಿನವನನ್ನ ಒದೆಯಲ್ಲ," ಅಂದ ಸೆವೆರೊ. "ನವದಿನದ ಪ್ರಾರ್ಥನೆ ಶುರುವಾಗೋ ಹಿಂದಿನ ದಿನ ನಮ್ಮನೆಗೆ ತಗೊಂಡು ಹೋಗ್ತೀವಿ. ಈ ಸಲ ಅಲ್ಲಿಂದ ಹೊರಡಲಿ. ಮುಂದಿನದು ಆಮೇಲೆ ನೋಡೋಣ."

ಅವಳು ಮೆಲಿತೋನನ ಕಡೆ ನೋಡಿದಳು. ಅವನು ಕುದುರೆಯ ಕಡೆ ನೋಡಿದ. ಪಾಲೊಮೊ ಗಾಜಿನ ಕಣ್ಣಿನಿಂದ ಎಂದಿನಂತೆ ಬಾಗಿಲನ್ನು ನೋಡುತ್ತಿತ್ತು.

*

ಕೆಳಗಿನ ಪೇಟೆಯ ದಂತವೈದ್ಯೆ ಅವನ ತುಟಿ ಎತ್ತಿ ನೋಡಿ, ಒಸಡು ಊದಿದೆ, ಒಂದು ಬೇರಿನ ಚೂರು ಒಳಗೇ ಉಳಿದಿದೆ, ಅದನ್ನು ತೆಗೆದು ವಾಸಿಯಾಗಿ ಕಟ್ಟು ಹಲ್ಲು ಕೂರಿಸಲು ಸೆಪ್ಟೆಂಬರ್ ಆಗುತ್ತದೆ ಅಂದಳು.

"ನನಗೆ ಜುಲೈಗೆ ಬೇಕು ಡಾಕ್ಟ್ರೇ."

"ಜುಲೈನಲ್ಲಿ ಬೀಳಬಾರದಿತ್ತು."

ಅವನು ಮನೆಗೆ ಬಂದು ಕೊಳಲು ಹಿಡಿದ. ಫುಸ್. ಬಟ್ಟೆಯ ಸುರುಳಿ ಇಟ್ಟು ನೋಡಿದ, ಬಾಳೆನಾರು ಇಟ್ಟು ನೋಡಿದ, ಅಂಗಡಿಯಿಂದ ಅಗಿಯುವ ಗಮ್ ತಂದು ಅಂಟಿಸಿ ನೋಡಿದ. ಗಮ್ ಕೊಳಲಿಗೇ ಅಂಟಿ ಬಂತು. ಒಂದು ಕಡೆ ಕೂರಲಾಗಲಿಲ್ಲ. ಕಾಫಿತೋಟಕ್ಕೆ ಹೋಗಿ ಅರ್ಧ ಕಳೆ ಕಿತ್ತು ಬಂದ. ಅಂಗಳಕ್ಕೆ ಬಂದು ಡೋಲಿನ ಚರ್ಮ ಬಿಗಿದ, ಸಡಿಲಿಸಿದ, ಮತ್ತೆ ಬಿಗಿದ.

ಎರಡನೇ ದಿನ ಮಳೆಯಲ್ಲೇ ಕಾಸಿಲ್ದಾ ಬಂದಳು. ಒಂದು ಕೈಯಲ್ಲಿ ಜೋಳದ ಗಂಜಿಯ ಪಾತ್ರೆ, ಇನ್ನೊಂದರಲ್ಲಿ ಬಾಳೆಲೆಯ ಪೊಟ್ಟಣ.

"ಬಾಯಿ ತೆಗೀರಿ," ಅಂದಳು.

"ಏನಕ್ಕಾ?"

"ತೆಗೀರಿ ಅಂದೆ. ನಾಚಿಕೆ ಮಾಡ್ಕೊಳೋಕೆ ನಿಮ್ಮ ಬಾಯಲ್ಲಿ ಇನ್ನೇನಿದೆ?"

ಪೊಟ್ಟಣದಲ್ಲಿ ಜೇನುಮೇಣದ ಉಂಡೆಯಿತ್ತು. ಚಿಟಿಕೆ ಕಿತ್ತು ಬೆರಳಲ್ಲಿ ಹೊಸೆದು, ಹೂವಿನ ಎಸಳು ಮಾಡುವ ಹಾಗೆಯೇ ಎರಡು ಹಲ್ಲು ಮಾಡಿದಳು. ಹಿಂದೆ ಒಂದು ಸಣ್ಣ ನಾಲಗೆ ಬಿಟ್ಟು ಪಕ್ಕದ ಹಲ್ಲುಗಳಿಗೆ ಒತ್ತಿ ಕೂರಿಸಿದಳು. "ರಾಳ ಸೇರಿಸಿದ್ದೀನಿ. ಬೇಗ ಮೆತ್ತಗಾಗಲ್ಲ. ಊದಿ."

ಅವನು ಊದಿದ. ಕೊಳಲು ನಿಂತಿತು. ಮಟ್ಟು ಬಂತು, ಸ್ವಲ್ಪ ಮೂಗಿನಲ್ಲಿ ಹಾಡಿದ ಹಾಗೆ, ಆದರೆ ಬಂತು. ಒಂದು, ಎರಡು, ಮೂರು. ನಾಲ್ಕನೆಯ ಮಟ್ಟಿನ ಕೊನೆಗೆ ಮೇಣ ಬಾಯ ಬಿಸಿಗೆ ಬಾಗಿತು.

"ನಾಲ್ಕಕ್ಕೊಂದು ಜೊತೆ," ಅಂದಳು ಕಾಸಿಲ್ದಾ. "ಮೂವತ್ತೆರಡಕ್ಕೆ ಎಂಟು ಜೊತೆ. ಹಬ್ಬದ ಹೊತ್ತಿಗೆ ಮಾಡಿಕೊಡ್ತೀನಿ. ಅಭ್ಯಾಸಕ್ಕೆ ಬೇರೆ."

ಹಸಿಂತಾ ಬಾಗಿಲಲ್ಲಿ ನಿಂತು ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನು ಗಂಜಿಯ ಪಾತ್ರೆ ನೋಡಿದ.

"ಇದೆಲ್ಲ ಯಾಕಕ್ಕಾ ನೀವು..."

"ನಾನಲ್ದೆ ಇನ್ಯಾರು ಮಾಡ್ಬೇಕು?" ಕಾಸಿಲ್ದಾ ತಗ್ಗಿದ ದನಿಯಲ್ಲಿ ಹೇಳಿದಳು. "ನಿಮ್ಮಿಬ್ಬರಿಗೆ ಹೇಳ್ತೀನಿ, ಹೊರಗೆ ಆಡ್ಬೇಡಿ. ಜೂನ್ ಕೊನೇಲಿ ಮಗಳಿಗೆ ಹೆರಿಗೆ ಅಂತ ಪ್ವೆಬ್ಲಾಕ್ಕೆ ಹೋಗಿದ್ದೆ. ಎರಡು ದಿನ. ಪಕ್ಕದ ಮನೆ ಹುಡುಗಿಗೆ ಕಾಳು ಇಡು ಅಂದಿದ್ದೆ. ಇಟ್ಟೆ ಅಂತಾಳೆ. ಇಟ್ಟಳೋ ಇಲ್ವೋ. ಪಾಲೊಮೊ ಮರೆತಿಲ್ಲ ನೋಡಿ. ಅದರ ಕೋಪ ನನ್ನ ಮೇಲೆ, ಹಲ್ಲು ಹೋಗಿದ್ದು ನಿಮ್ಮದು."

ಅವಳು ಹೋದ ಮೇಲೆ ಹಸಿಂತಾ ಗಂಜಿಯನ್ನು ಬಟ್ಟಲಿಗೆ ಸುರಿದು ಗಂಡನ ಮುಂದೆ ಇಟ್ಟಳು.

"ಕುಡಿ. ಚೆನ್ನಾಗಿ ಕುಡಿ. ಕುಡಿಯೋದು ಗೊತ್ತಲ್ಲ ನಿನಗೆ."

"ಹೇಳಿದ್ರೆ ಯಾರು ನುಡಿಸ್ತಾರೆ? ನನ್ನನ್ನ ಆಚೆ ಹಾಕ್ತಾರೆ. ಕುಣಿತ ನಿಂತುಹೋಗುತ್ತೆ."

"ಆಹಾ. ಊರಿಗೋಸ್ಕರ ಸುಳ್ಳು ಹೇಳ್ತಿದ್ದಾನೆ ನನ್ನ ಗಂಡ! ನಿನಗೂ ಒಂದು ಬತ್ತಿ ಹಚ್ಚಬೇಕು."

*

ಹದಿನೈದನೇ ತಾರೀಕು ಕುದುರೆಯನ್ನು ಸಾಗಿಸಿದರು. ಸಂತನ ವೇಷ ಕಟ್ಟುವ ಎವೆಲಿಯೊ ಅದನ್ನು ಮಗುವಿನಂತೆ ಎತ್ತಿಕೊಂಡು ಹೊರಟ. ಎವೆಲಿಯೊ ಗಾರೆ ಕೆಲಸದವನು, ಇಪ್ಪತ್ತೊಂಬತ್ತು ವರ್ಷ. ತಾಯಿಯ ಆಪರೇಷನ್ ಕಾಲದಲ್ಲಿ ಏಳು ವರ್ಷ ಕುಣಿಯುತ್ತೇನೆಂದು ಹರಕೆ ಹೊತ್ತವನು. ಇದು ಏಳನೆಯದು. ನಡುವೆ ಒಂದು ವರ್ಷ ಕೆಟ್ಟರೂ ಮತ್ತೆ ಒಂದರಿಂದ ಎಣಿಸಬೇಕು.

ಮುಂದೆ ಮೆಲಿತೋನನ ಕೊಳಲು, ಹಿಂದೆ ಕುದುರೆ. ವ್ರತದ ದಿನಗಳಲ್ಲಿ ಪಾಲೊಮೊ ಮನೆಯಿಂದಾಚೆ ಬಂದರೆ ಕೊಳಲಿನ ಹಿಂದೆಯೇ ನಡೆಯಬೇಕು. ಕೊಳಲು ಎತ್ತ ತಿರುಗುತ್ತದೋ ಕುದುರೆಯೂ ಅತ್ತ. ಕೊಳಲಿಗೆ ಬೆನ್ನು ತೋರಿಸುವಂತಿಲ್ಲ. ಕಾಸಿಲ್ದಾಳ ಮೇಣದ ಹಲ್ಲು ಕಚ್ಚಿಕೊಂಡು, ಕಾಸಿಲ್ದಾಳ ಕುದುರೆಯನ್ನು ಮೆಲಿತೋನ ಸೆವೆರೊನ ಮನೆಗೆ ತಲುಪಿಸಿದ. ಸೆವೆರೊನ ಹೆಂಡತಿ ಹೊಸ ಕಸೂತಿ ಬಟ್ಟೆ ಹಾಸಿ ಕಾಯುತ್ತಿದ್ದಳು. ಬಟ್ಟೆ ಹೊಸದು, ನಿಜ. ಆದರೆ ಅದರ ಅಂಚಿನಲ್ಲಿದ್ದ ಬಿಳಿ ಕುದುರೆಗಳನ್ನು ಐದು ದಿನದಲ್ಲಿ ಕಸೂತಿ ಮಾಡಲು ಯಾರಿಂದಲೂ ಆಗುವುದಿಲ್ಲ. ಮೆಲಿತೋನ ಅದನ್ನು ನೋಡಿದ. ನೋಡಿದ್ದನ್ನು ಯಾರಿಗೂ ಹೇಳಲಿಲ್ಲ.

ಒಂಬತ್ತು ದಿನ ಪ್ರಾರ್ಥನೆ ನಡೆಯಿತು, ಒಂಬತ್ತು ದಿನವೂ ಮಳೆ. ಮೆಲಿತೋನನಿಗೆ ಚರ್ಚಿನಲ್ಲಿ ಮೊಣಕಾಲೂರಲು ಆಗಲಿಲ್ಲ, ಮನೆಯಲ್ಲಿ ಊಟಕ್ಕೆ ಕೂರಲು ಆಗಲಿಲ್ಲ. ಪೇಟೆಗೆಂದು ಹೊರಟವನು ಅರ್ಧ ದಾರಿಯಿಂದ ತಿರುಗುತ್ತಿದ್ದ, ತಿರುಗಿದವನು ಮತ್ತೆ ಹೊರಡುತ್ತಿದ್ದ. ಕಾಸಿಲ್ದಾಳ ಮನೆಯ ಮುಂದಿನ ಏರು ಬಿಟ್ಟು ಸುತ್ತುದಾರಿ ಹಿಡಿದರೂ ಅವಳು ಹೇಗೋ ಎದುರಾಗುತ್ತಿದ್ದಳು. "ಹಲ್ಲು ಹೇಗಿದೆ ಮೇಷ್ಟ್ರೇ? ರಾಳ ಇನ್ನೊಂಚೂರು ಹಾಕ್ಲಾ?" ಅವಳ ಅಂಗಳದಲ್ಲಿ ಎಲೆ ಬಿದ್ದಿತ್ತು. ಗುಡಿಸಿರಲಿಲ್ಲ.

ಇಪ್ಪತ್ತನಾಲ್ಕರ ಮಧ್ಯಾಹ್ನ ಅವನು ಸೆವೆರೊನ ಅಂಗಡಿಗೆ ಹೋದ. ಸೆವೆರೊ ಕುಣಿತದ ಮಚ್ಚುಗಳಿಗೆ ಕೆಂಪು ಪಟ್ಟಿ ಕಟ್ಟುತ್ತಿದ್ದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಯಜಮಾನ್ರೇ, ಕುದುರೆ ಒದೀಲಿಲ್ಲ. ನಾನು ಕುಡಿದಿದ್ದೆ. ಪಕ್ಕದ ಹಳ್ಳೀಲಿ, ಜ್ಞಾನಸ್ನಾನದ ಊಟಕ್ಕೆ ಹೋದಾಗ. ಬರೋವಾಗ ಮೆಟ್ಟಿಲ ಮೇಲೆ ಬಿದ್ದೆ."

ಸೆವೆರೊ ಕಟ್ಟುತ್ತಿದ್ದ ಗಂಟನ್ನು ಮುಗಿಸಿದ. ಮಚ್ಚನ್ನು ಪಕ್ಕಕ್ಕೆ ಇಟ್ಟ.

"ನೀವು ನನಗೇನೂ ಹೇಳ್ಲಿಲ್ಲ."

"ಈಗ ತಾನೆ ಹೇಳಿದ್ನಲ್ಲ."

"ಹೇಳ್ಲಿಲ್ಲ ಅಂದ್ರೆ ಹೇಳ್ಲಿಲ್ಲ." ಅವನ ದನಿ ಏರಲಿಲ್ಲ, ಆದರೆ ಮರ್ಯಾದೆ ಇಳಿಯಿತು. "ವ್ರತ ಮುರಿದಿದೆ ಅಂತ ಗೊತ್ತಾದ್ರೆ ನಾಳೆ ಕುಣಿತ ಇಲ್ಲ. ಎವೆಲಿಯೊನ ಏಳು ವರ್ಷ ಏನಾಗುತ್ತೆ ಯೋಚನೆ ಮಾಡಿದ್ಯಾ? ಅವನಿಗೆ ನೀನೇ ಹೋಗಿ ಹೇಳ್ತೀಯಾ? ಪಾಲೊಮೊ ಒದೀತು. ನೀನೇ ಹೇಳಿದ್ದು. ಆ ಹಲ್ಲು ಹಾಕ್ಕೊಂಡು ನಾಳೆ ನೆಟ್ಟಗೆ ನುಡಿಸು."

"ಕಾಸಿಲ್ದಕ್ಕ?"

"ಅವಳಿಗೆ ವಯಸ್ಸಾಯ್ತು. ನಮ್ಮನೇಲಿ ಚೆನ್ನಾಗಿ ನೋಡ್ಕೋತೀವಿ."

ಮೆಲಿತೋನ ಅಲ್ಲಿಂದ ನೆಟ್ಟಗೆ ಏರು ಹತ್ತಿದ. ಕಾಸಿಲ್ದಾ ಒಲೆಯ ಪಕ್ಕ ಕೂತು ಎಂಟನೆಯ ಜೊತೆ ಹಲ್ಲು ತೀಡುತ್ತಿದ್ದಳು. ಏಳು ಜೊತೆ ಬಾಳೆಲೆಯ ಮೇಲೆ ಸಾಲಾಗಿದ್ದವು. ಅವನು ನಿಂತೇ ಎಲ್ಲವನ್ನೂ ಹೇಳಿದ. ಲೋಟ ನಾಲ್ಕು ಎಂದೂ ಹೇಳಿದ.

ಅವಳು ಕೇಳಿಸಿಕೊಂಡಳು. ಆಮೇಲೆ ತಲೆಯಾಡಿಸಿದಳು.

"ನೀವು ಒಳ್ಳೆಯವರು ಮೇಷ್ಟ್ರೇ. ನನ್ನ ಅಂಗಳ ನೋಡಿ ಪಾಪ ಅನ್ನಿಸ್ತು ನಿಮಗೆ. ಅದಕ್ಕೆ ನಿಮ್ಮ ಮೇಲೆ ಹಾಕ್ಕೋತಿದ್ದೀರಿ."

"ಅಯ್ಯೋ, ನಿಜ ಅಕ್ಕಾ! ಹಸಿಂತಾನ್ನ ಕೇಳಿ."

"ಅವಳನ್ನೂ ಒಪ್ಪಿಸಿಟ್ಟಿರ್ತೀರಿ. ಸುಮ್ನಿರಿ. ಎರಡು ದಿನ ಕಾಳಿಲ್ಲದೆ ಇದ್ದ ಕುದುರೆ ಏನು ಮಾಡುತ್ತೆ ಅಂತ ನನಗೆ ಗೊತ್ತು." ಅವಳು ಎಂಟನೆಯ ಜೊತೆಯನ್ನೂ ಸಾಲಿಗಿಟ್ಟು ಎಲೆ ಮಡಚಿದಳು. "ತಗೊಳ್ಳಿ. ಬಿಸಿಲಿಗೆ ಇಡ್ಬೇಡಿ."

*

ಇಪ್ಪತ್ತೈದರ ಬೆಳಿಗ್ಗೆ ಮಳೆ ನಿಂತಿತ್ತು. ಸೆವೆರೊನ ಅಂಗಳದಿಂದ ಮೊದಲ ಬಾಣ ಹಾರಿತು. ಎವೆಲಿಯೊ ಕೆಂಪು ನಿಲುವಂಗಿ ತೊಟ್ಟು ಪಾಲೊಮೊವನ್ನು ಸೊಂಟಕ್ಕೆ ಬಿಗಿದುಕೊಂಡ. ಹಿಂದೆ ಮುಖವಾಡ ತೊಟ್ಟ ಹನ್ನೆರಡು ಜನ, ಕಾಲಿಗೆ ಗೆಜ್ಜೆ, ಕೈಯಲ್ಲಿ ಮಚ್ಚು. ಅವರ ಹಿಂದೆ ಬತ್ತಿ ಹಿಡಿದ ಹೆಂಗಸರು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡ ಗಂಡಸರು, ಕಾಲಿಗೆ ಅಡ್ಡ ಬರುವ ನಾಯಿಗಳು. ಚರ್ಚಿಗೆ ಬಲಕ್ಕೆ ಇಳಿಯಬೇಕು.

ಮೆಲಿತೋನ ಮೊದಲ ಜೊತೆ ಹಲ್ಲು ಒತ್ತಿ ಕೂರಿಸಿಕೊಂಡು ನಡಿಗೆಯ ಮಟ್ಟು ಎತ್ತಿದ. ಬೀದಿಯ ಕವಲಿಗೆ ಬಂದು ಎಡಕ್ಕೆ ತಿರುಗಿದ.

ಎವೆಲಿಯೊ ಒಂದು ಕ್ಷಣ ತಡೆದ. ಆದರೆ ಕೊಳಲು ಎಡಕ್ಕೆ ಹೋಗುತ್ತಿತ್ತು. ಅವನೂ ತಿರುಗಿದ. ಅವನ ಹಿಂದೆ ಹನ್ನೆರಡು ಜನ, ಅವರ ಹಿಂದೆ ಊರು.

"ಮೇಷ್ಟ್ರೇ! ಆ ಕಡೆ ಅಲ್ಲ!" ಸೆವೆರೊ ಪಕ್ಕದಿಂದ ಓಡಿ ಬಂದ. "ಏನ್ ಮಾಡ್ತಿದ್ದೀಯ? ತಿರುಗು!"

ಮೆಲಿತೋನ ಊದುತ್ತಲೇ ಇದ್ದ. ಊದುತ್ತಿರುವವನ ತೋಳು ಹಿಡಿಯುವಂತಿಲ್ಲ. ಸೆವೆರೊಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅವನು ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡು, ಪಕ್ಕದಲ್ಲೇ ಏದುಸಿರು ಬಿಡುತ್ತ ಏರು ಹತ್ತಿದ. ಹಿಂದಿನಿಂದ ಯಾರೋ ಕೂಗಿದರು: "ಮೇಷ್ಟ್ರಿಗೆ ಹಲ್ಲಿನ ಜೊತೆ ದಾರೀನೂ ಉದುರಿಹೋಯ್ತಾ?" ನಗು ಮೆರವಣಿಗೆಯ ಕೊನೆಯವರೆಗೂ ಹೋಯಿತು.

ಕಾಸಿಲ್ದಾ ಗೆಜ್ಜೆಯ ಸದ್ದು ಕೇಳಿ ಬಾಗಿಲಿಗೆ ಬಂದಳು. ಮನೆಯ ಹಳೇ ಲಂಗದಲ್ಲಿದ್ದಳು, ತಲೆ ಬಾಚಿರಲಿಲ್ಲ. ಗುಡಿಸದ ಅಂಗಳ ತುಂಬಿತು. ಮೆಲಿತೋನ ಅವಳ ಮುಂದೆ ನಿಂತು, ಕುದುರೆಗೆ ಕಾಳಿಡುವಾಗಿನ ಮಟ್ಟನ್ನು ಪೂರ್ತಿ ನುಡಿಸಿದ. ಅದು ಅಲ್ಲಿ ಬರಬೇಕಾದ್ದಲ್ಲ. ಆಮೇಲೆ ಕೊಳಲು ಇಳಿಸಿ, ಮೇಣದ ಹಲ್ಲುಗಳನ್ನು ಕಿತ್ತು ಅಂಗೈಯಲ್ಲಿ ಹಿಡಿದ.

"ಈ ಹಲ್ಲು ಮಾಡಿದ್ದು ಕಾಸಿಲ್ದಕ್ಕ," ಅಂದ. ಬೊಚ್ಚು ಬಾಯಿಂದ ಮಾತು ಸೋರುತ್ತಿತ್ತು. ಅದಕ್ಕೇ ಜೋರಾಗಿ, ನಿಧಾನವಾಗಿ ಹೇಳಿದ. "ನನ್ನ ಹಲ್ಲು ಮುರಿದಿದ್ದು ಪಾಲೊಮೊ ಅಲ್ಲ. ಒಂಬತ್ತನೇ ತಾರೀಕು ನಾನು ಕುಡಿದು ಬಿದ್ದೆ. ಕುದುರೆ ಹಸಿದಿರಲಿಲ್ಲ. ಅಕ್ಕ ತಪ್ಪು ಮಾಡಿಲ್ಲ."

ನಗು ನಿಂತಿತು. ಒಂದು ಮಗು ಮಾತ್ರ ಬಾಣ ಯಾವಾಗ ಬಿಡ್ತಾರೆ ಎಂದು ಕೇಳುತ್ತಿತ್ತು.

"ಹುಚ್ಚು ಹಿಡಿದಿದೆ ಇವನಿಗೆ," ಅಂದ ಸೆವೆರೊ. "ಬಿಸಿಲಿಗೆ..."

"ನಿನ್ನೆ ನಿಮಗೂ ಹೇಳಿದೆ ಯಜಮಾನ್ರೇ. ಅಂಗಡೀಲಿ. ನೀವು ಸುಮ್ನಿರು ಅಂದ್ರಿ."

ಎಲ್ಲರೂ ಸೆವೆರೊನ ಕಡೆ ತಿರುಗಿದರು. ಅವನು ಹ್ಯಾಟು ತೆಗೆದ, ಹಾಕಿಕೊಂಡ. ಅವನು ಇಲ್ಲ ಎಂದಿದ್ದರೆ ಅರ್ಧ ಊರು ನಂಬುತ್ತಿತ್ತು. ಆದರೆ ಪಾಲೊಮೊ ಎದುರಿಗೇ ಇತ್ತು, ಸುಳ್ಳು ಹೇಳಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಕಾಸಿಲ್ದಾಳಿಗೆ ಕುದುರೆ ವಾಪಸು ಸಿಗುತ್ತಿತ್ತೇನೋ. ಆದರೆ ಅವಳು ಮೆಟ್ಟಿಲಿಳಿದು ಬಂದಳು. ಅವಳ ಬೆರಳುಗಳಿಗೆ ಇನ್ನೂ ಮೇಣ ಮೆತ್ತಿತ್ತು.

"ಅವರು ಸತ್ಯ ಹೇಳೋವಾಗ ನಾನು ಸುಮ್ನಿರೋದು ಸರಿಯಲ್ಲ," ಅಂದಳು. "ಜೂನ್‌ನಲ್ಲಿ ನಾನು ಎರಡು ದಿನ ಊರಲ್ಲಿರಲಿಲ್ಲ. ಪಾಲೊಮೊಗೆ ಕಾಳು ಸಿಕ್ತೋ ಇಲ್ವೋ ನನಗೆ ಗೊತ್ತಿಲ್ಲ."

"ಅಕ್ಕಾ!" ಅಂದ ಮೆಲಿತೋನ. "ಇದನ್ನ ಈಗ ಯಾರು ಕೇಳಿದ್ರು?"

"ಅದು ಕೇಳಿದೆ," ಅಂದಳು ಅವಳು, ಕುದುರೆಯ ಕಡೆ ಕೈ ತೋರಿಸಿ.

ಎವೆಲಿಯೊ ಅಷ್ಟರವರೆಗೂ ಅಲುಗಿರಲಿಲ್ಲ. ಈಗ ಮೆಲಿತೋನನ ಹತ್ತಿರ ಬಂದ. ಅವನ ಕೈಯಲ್ಲಿ ಮಚ್ಚಿತ್ತು. ಒಂದಿಬ್ಬರು ಮುಂದೆ ಬಂದರು. ಅವನು ಮಚ್ಚನ್ನು ನೆಲಕ್ಕೆ ಹಾಕಿದ.

"ಎಷ್ಟು ಲೋಟ ಮೇಷ್ಟ್ರೇ?"

"ನಾಲ್ಕು."

"ನಾನು ತಂಗಿ ಮದುವೇಲೂ ಮುಟ್ಟಲಿಲ್ಲ." ಅವನು ಸೊಂಟದ ಪಟ್ಟಿ ಬಿಚ್ಚತೊಡಗಿದ. ಗಂಟು ಒದ್ದೆಯಾಗಿ ಬಿಗಿದಿತ್ತು, ಬಿಚ್ಚಲು ಹೊತ್ತು ಹಿಡಿಯಿತು. ಯಾರೂ ನೆರವಿಗೆ ಬರಲಿಲ್ಲ. ಕೊನೆಗೆ ಕುದುರೆಯನ್ನು ಕಾಸಿಲ್ದಾಳ ಮೆಟ್ಟಿಲ ಮೇಲೆ ಇಟ್ಟು, ಅದರ ಪಕ್ಕದಲ್ಲೇ ಕೂತು ಗೆಜ್ಜೆ ಬಿಚ್ಚಿದ.

ಆ ವರ್ಷ ಕುಣಿತ ಆಗಲಿಲ್ಲ. ಬಾಣಗಳಿಗೆ ತೇವ ತಗುಲುತ್ತಿತ್ತು, ಹಾಗಾಗಿ ಅವನ್ನು ಹಾರಿಸಿದರು. ಬೇಯಿಸಿದ ಕೋಳಿಗಳು ವ್ರತ ನೋಡುವುದಿಲ್ಲ, ಹಾಗಾಗಿ ಎಲ್ಲರೂ ಉಂಡರು. ಮರುದಿನ ಹಿರಿಯರು ಕೂತು ಮಾತಾಡಿದರು. ಕಾಸಿಲ್ದಾಳ ಮನೆಯಲ್ಲಿ ಎರಡು ದಿನದ ಅನುಮಾನವಿದೆ, ಸೆವೆರೊನ ಮನೆಯಲ್ಲಿ ಒಂದು ದಿನದ ಮುಚ್ಚುಮರೆಯಿದೆ, ಕುದುರೆ ಇನ್ನು ಯಾರ ಮನೆಯಲ್ಲೂ ಬೇಡ. ಅದನ್ನು ಚರ್ಚಿನ ಹಿಂದಿನ ಉಗ್ರಾಣದಲ್ಲಿ ಇಟ್ಟು ಬೀಗ ಹಾಕಿದರು. ಮರಕ್ಕೆ ಹಸಿವಿಲ್ಲ ಎಂದರು ಪಾದ್ರಿಗಳು. ಅವರು ಹೊರಗಿನ ಊರಿನವರು. ಕಾಸಿಲ್ದಾ ದಿನಾ ಬೆಳಿಗ್ಗೆ ಉಗ್ರಾಣದ ಕಿಟಕಿಯ ಸರಳಿನ ಸಂದಿನಿಂದ ಒಂದು ಹಿಡಿ ಜೋಳ ಒಳಗೆ ಎಸೆಯುತ್ತಾಳೆ. ಇಲಿಗಳು ಹೆಚ್ಚಿವೆ ಎಂದು ಕಾವಲುಗಾರ ಗೊಣಗುತ್ತಾನೆ. ಮರುವರ್ಷ ಸೆವೆರೊ ಎಲ್ಲಿಂದಲೋ ಧ್ವನಿಮುದ್ರಣ ತಂದು ಸ್ಪೀಕರಿನಲ್ಲಿ ಹಾಕಿಸಿದ. ಹನ್ನೊಂದು ಮಟ್ಟಿಗೆ ಅದು ಮುಗಿಯಿತು, ಕುದುರೆಯಿಲ್ಲದ ಕುಣಿತವೂ ಅಲ್ಲಿಗೇ ಮುಗಿಯಿತು.

ಮೆಲಿತೋನನಿಗೆ ಸೆಪ್ಟೆಂಬರಿನಲ್ಲೇ ಕಟ್ಟು ಹಲ್ಲು ಬಂದಿತ್ತು. ಕೊಳಲು ನಿಲ್ಲುತ್ತದೆ. ನುಡಿಸಲು ಯಾರೂ ಕರೆಯುವುದಿಲ್ಲ, ಕಲಿಯಲು ಯಾರೂ ಬರುವುದಿಲ್ಲ. ಮನೆಯಲ್ಲಿ ಊದಿದರೆ ಹಸಿಂತಾ ತೋಟಕ್ಕೆ ಹೋಗು ಅನ್ನುತ್ತಾಳೆ. ತೋಟಕ್ಕೆ ಹೋದರೆ ಅವನಿಗೆ ಅರ್ಧ ಮಟ್ಟಿಗಿಂತ ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ. ಬಳಸದ ಏಳು ಜೊತೆ ಮೇಣದ ಹಲ್ಲುಗಳನ್ನು ವಾಪಸು ಕೊಡಲು ಹೋದಾಗ ಕಾಸಿಲ್ದಾ ಅವುಗಳನ್ನು ಬಾಣಲೆಗೆ ಹಾಕಿ ಕರಗಿಸಿದಳು.

"ನೀವು ಮೊದಲ ದಿನವೇ ನಕ್ಕುಬಿಟ್ಟಿದ್ರೆ ಸಾಕಿತ್ತು ಮೇಷ್ಟ್ರೇ," ಅಂದಳು.

ಹೋದದ್ದು ಇಷ್ಟು: ಹಲ್ಲು ಎರಡು, ಕುದುರೆ ಒಂದು, ಎವೆಲಿಯೊನ ವರ್ಷ ಆರು, ಮಟ್ಟು ಮೂವತ್ತೆರಡು.